ಚಕ್ರದ ಮೇಲಿನ ಮನೆಯಲ್ಲಿ ನಿದ್ದೆ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಆಳಂದ ತಾಲ್ಲೂಕಿನ ಭೂಸನೂರು, ಅಫಜಲಪುರ ತಾಲ್ಲೂಕಿನ ಹವಳಗಾ ಕಾರ್ಖಾನೆಗಳ ಮುಂದೆ ಲಾರಿ, ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ತೊಗರಿ ರಾಶಿ ಮುಗಿದ ಮೇಲೆ ಚೀಲ ತುಂಬಿದ ಲಾರಿಗಳು ಕಲಬುರಗಿಯ ದಾಲ್ ಮಿಲ್ಲುಗಳ ದಾರಿ ಹಿಡಿಯುತ್ತವೆ. ಬೀದರ್ ಕಡೆಯಿಂದ ವಿಜಯಪುರದತ್ತ ಸಾಗುವ 50ನೇ ರಾಷ್ಟ್ರೀಯ ಹೆದ್ದಾರಿ ಜೇವರ್ಗಿಯನ್ನು ಹಾದುಹೋಗುತ್ತದೆ. ಚಾಮರಾಜನಗರ ಮುಟ್ಟುವ 150ಎ ಹೆದ್ದಾರಿ ಆರಂಭವಾಗುವುದೂ ಅಲ್ಲಿಂದಲೇ. ಈ ದಾರಿಗಳಲ್ಲಿ ದುಡಿಯುವ ಚಾಲಕ ಮತ್ತು ಕ್ಲೀನರನಿಗೆ ವಾರಗಟ್ಟಲೆ ಲಾರಿಯ ಕ್ಯಾಬಿನ್ನೇ ಮನೆ. ಊಟ, ನಿದ್ದೆ, ದೇವರ ಪಟಕ್ಕೆ ಊದಿನಕಡ್ಡಿ ಹಚ್ಚುವುದು ಎಲ್ಲ ಅಲ್ಲಿಯೇ.

ವಾಹನವನ್ನೇ ಮನೆ ಮಾಡಿಕೊಳ್ಳುವುದು ಹಲವು ದೇಶಗಳಲ್ಲಿ ಹವ್ಯಾಸವಾಗಿದೆ. ವ್ಯಾನಿನೊಳಗೆ ಮಂಚ, ಒಲೆ, ದೀಪ ಜೋಡಿಸಿಕೊಂಡು ವರ್ಷಾನುಗಟ್ಟಲೆ ಅದರಲ್ಲೇ ಇರುವವರಿದ್ದಾರೆ. ಈ ಭಾಗದಲ್ಲಿ ಅದು ಹವ್ಯಾಸವಲ್ಲ, ಹೊಟ್ಟೆಪಾಡು. ಆದರೆ ತಗಡಿನ ಪೆಟ್ಟಿಗೆಯನ್ನು ವಾಸಕ್ಕೆ ಯೋಗ್ಯ ಮಾಡುವ ವಿಜ್ಞಾನ ಇಬ್ಬರಿಗೂ ಒಂದೇ.

ಮೊದಲ ಶತ್ರು ಶಬ್ದ. ಮಲಗಿದಾಗ ಕಣ್ಣು ಮುಚ್ಚುತ್ತದೆ, ಕಿವಿ ಮುಚ್ಚುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಬ್ದ 45 ಡೆಸಿಬಲ್ ಮೀರಬಾರದು. ಹೆದ್ದಾರಿಯ ಅಂಚಿನಲ್ಲಿ ನಿಂತ ಲಾರಿಯ ಪಕ್ಕದಲ್ಲೇ ಇನ್ನೊಂದು ಲಾರಿ ಹಾದುಹೋದರೆ ಅದು 75 ದಾಟುವುದು ಸಾಮಾನ್ಯ. ವ್ಯತ್ಯಾಸ ಬರೀ 30 ಎಂದುಕೊಳ್ಳಬಾರದು. ಡೆಸಿಬಲ್ 10 ಹೆಚ್ಚಿದಾಗಲೆಲ್ಲ ಶಬ್ದದ ಶಕ್ತಿ 10 ಪಟ್ಟಾಗುತ್ತದೆ. 30 ಡೆಸಿಬಲ್ ಎಂದರೆ 1000 ಪಟ್ಟು!

ಇದನ್ನು ತಡೆಯಲು ಮೂರು ಬೇರೆ ಬೇರೆ ಕೆಲಸಗಳಾಗಬೇಕು. ಒಂದು, ತಡೆಯುವುದು. ಇದಕ್ಕೆ ಬೇಕಾದ್ದು ಭಾರ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಚದರ ಮೀಟರಿಗೆ ಸುಮಾರು 400 ಕಿಲೋ ತೂಗುತ್ತದೆ. 0.8 ಮಿ.ಮೀ. ದಪ್ಪದ ಉಕ್ಕಿನ ತಗಡು ತೂಗುವುದು 6 ಕಿಲೋ ಮಾತ್ರ. ಎರಡು, ಅದುರು ನಿಲ್ಲಿಸುವುದು. ತಗಡು ತಮಟೆಯಂತೆ, ಬಡಿದರೆ ನುಡಿಯುತ್ತದೆ. ಅದರ ಒಳಮೈಗೆ ಡಾಂಬರಿನ ಅಥವಾ ರಬ್ಬರಿನಂಥ ಅಂಟುಹಾಳೆ ಬಿಗಿಯಾಗಿ ಅಂಟಿಸಿದರೆ ಆ ಅದುರು ಶಾಖವಾಗಿ ಕರಗುತ್ತದೆ. ಮೂರು, ಹೀರುವುದು. ಒಳಗೆ ಬಂದ ಶಬ್ದ ಗೋಡೆಯಿಂದ ಗೋಡೆಗೆ ಪುಟಿಯದಂತೆ ಉಣ್ಣೆ, ಹತ್ತಿ, ನಾರು ಮೊದಲಾದವು ಅದನ್ನು ನುಂಗುತ್ತವೆ.

ಈ ಮೂರನ್ನು ಬೆರೆಸಿಬಿಡುವುದರಿಂದಲೇ ಬಹಳ ಹಣ ಹಾಳಾಗುವುದು. ಮೊಟ್ಟೆಯ ಟ್ರೇ, ಥರ್ಮೋಕೋಲ್ ಅಂಟಿಸಿದರೆ ಸದ್ದು ನಿಲ್ಲುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಎರಡಕ್ಕೂ ಭಾರವಿಲ್ಲ, ಹಾಗಾಗಿ ತಡೆಯುವ ಬಲವೂ ಇಲ್ಲ. ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಸಂದಿಗಳನ್ನು. ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೂ ಸಾಕು, ಉಳಿದದ್ದು ಎಷ್ಟೇ ಗಟ್ಟಿಯಿರಲಿ, ಒಟ್ಟು ತಡೆ 20 ಡೆಸಿಬಲ್ ದಾಟದು. ಹರಿದುಹೋದ ಬಾಗಿಲಿನ ರಬ್ಬರ್ ಬದಲಿಸುವುದೇ ಅಗ್ಗದ ಮತ್ತು ದೊಡ್ಡ ರಿಪೇರಿ.

ಇನ್ನೊಂದು ಲೆಕ್ಕವೂ ಉಂಟು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 3400 ಹರ್ಟ್ಸ್‌ನ ಕೀರಲು ದನಿಯ ಅಲೆ 10 ಸೆಂಟಿಮೀಟರ್ ಉದ್ದ. 100 ಹರ್ಟ್ಸ್‌ನ ಎಂಜಿನ್ ಗುಡುಗಿನ ಅಲೆ 3.4 ಮೀಟರ್. ಮೊದಲನೆಯದನ್ನು ದಪ್ಪನೆಯ ಹೊದಿಕೆ ನುಂಗುತ್ತದೆ, ಎರಡನೆಯದಕ್ಕೆ ಅದು ಲೆಕ್ಕಕ್ಕೇ ಇಲ್ಲ. ಆದ್ದರಿಂದ ಓಡುವ ಲಾರಿಗಳಿಂದ ದೂರ, ಹೆದ್ದಾರಿ ಬಿಟ್ಟು ಒಳಗೆ ನಿಲ್ಲಿಸುವುದಕ್ಕೆ ಸಾಟಿಯಾದ ಉಪಾಯವಿಲ್ಲ. ಆದರೂ ಈ ಭಾಗದ ಅಜ್ಜಿಯರು ಹಳೆಯ ಸೀರೆಗಳಿಂದ ಹೊಲಿಯುವ ಕೌದಿಯನ್ನು ಮರೆಯಬಾರದು. ಪದರ ಪದರದ ಕೌದಿಯನ್ನು ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಪರದೆಯಂತೆ ಇಳಿಬಿಟ್ಟರೆ ಹಾರ್ನಿನ ಮೊನಚು ಕಡಿಮೆಯಾಗುತ್ತದೆ, ಬೆಳಕೂ ಮರೆಯಾಗುತ್ತದೆ. ಓಡಿಸುವಾಗ ಬಿಚ್ಚಿಡಬೇಕು, ಒಲೆಯ ಬಳಿ ತರಲೇಬಾರದು.

ಸಂದಿ ಮುಚ್ಚಿದಷ್ಟೂ ಇನ್ನೊಂದು ಅಪಾಯ ಬೆಳೆಯುತ್ತದೆ. ಅದು ಉಸಿರಿನದು. ಮುಚ್ಚಿದ ಕ್ಯಾಬಿನ್ನಿನಲ್ಲಿ ಒಲೆ ಉರಿಸಿದರೆ, ಇಲ್ಲವೇ ಎಂಜಿನ್ನಿನ ಹೊಗೆ ಒಳಗೆ ಸೇರಿದರೆ ಕಾರ್ಬನ್ ಮಾನಾಕ್ಸೈಡ್ ಕೂಡಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳುವುದೇ ಇಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ನಿಲ್ಲುತ್ತದೆ. ಅಡುಗೆ ಹೊರಗೇ ಆಗಬೇಕು, ಮಲಗುವಾಗ ಎದುರು ಬದುರಿನ ಎರಡು ಕಿಂಡಿ ತೆರೆದಿರಬೇಕು.

ಎರಡನೆಯ ಶತ್ರು ಬಿಸಿಲು. ಕಲಬುರಗಿ ಸೀಮೆಯ ಬೇಸಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸದಲ್ಲ. ರಾತ್ರಿ ಓಡಿಸಿ ಹಗಲು ಮಲಗುವವನಿಗೆ ಮಾಡೇ ಒಲೆ. ಮಾಡಿಗೆ ಬಿಳಿ ಬಣ್ಣ ಹೊಡೆದರೆ ಬಿಸಿಲಿನ ಬಹುಪಾಲು ಹಿಂದಕ್ಕೆ ಹೋಗುತ್ತದೆ. ಪುಟ್ಟ ಫ್ಯಾನಿಗೆ ಬೇಕಾದ ವಿದ್ಯುತ್ತೂ ಅಲ್ಪವೇ. 24 ವೋಲ್ಟಿನ ಲಾರಿಯಲ್ಲಿ 24 ವಾಟಿನ ಫ್ಯಾನ್ ಸೆಳೆಯುವುದು 1 ಆಂಪಿಯರ್. 8 ಗಂಟೆಗೆ 8 ಆಂಪಿಯರ್-ಗಂಟೆ. ಹತ್ತನೆಯ ತರಗತಿಯ ಭೌತಶಾಸ್ತ್ರ ಇಷ್ಟಕ್ಕೆ ಸಾಕು.

ಕಾನೂನೂ ಈ ಕಡೆ ನೋಡಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆಯ ಮಿತಿ ಹಾಕಿತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವೆಂದು ಕೇಂದ್ರ ಸರ್ಕಾರ 2023ರಲ್ಲಿ ಅಧಿಸೂಚನೆ ಹೊರಡಿಸಿತು. ಹಳೆಯ ಲಾರಿಗಳಿಗೆ ಇದು ಅನ್ವಯಿಸದು. ಅವುಗಳನ್ನು ಮಾರ್ಪಡಿಸುವವರು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮನ್ನು ನೆನಪಿಡಬೇಕು: ನೋಂದಣಿ ಪತ್ರದ ವಿವರವೇ ಬದಲಾಗುವಂಥ ಮಾರ್ಪಾಡನ್ನು ಮನಬಂದಂತೆ ಮಾಡುವಂತಿಲ್ಲ.

ಮಕ್ಕಳು ಇದನ್ನೆಲ್ಲ ಮನೆಯಲ್ಲೇ ಪರೀಕ್ಷಿಸಬಹುದು. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಅಲಾರಂ ಗಡಿಯಾರ ಇಟ್ಟು ಕೇಳಲಿ. ಬಳಿಕ ಒಳಗೆ ಬಟ್ಟೆ ತುಂಬಿ, ಆಮೇಲೆ ಮುಚ್ಚಳದ ಸಂದಿಗೆ ಹಿಟ್ಟು ಮೆತ್ತಿ, ಕೊನೆಗೆ ಮುಚ್ಚಳವನ್ನು ಕೂದಲೆಳೆಯಷ್ಟು ತೆರೆದು ಕೇಳಲಿ. ಸಂದಿ ಎಂಥ ಕಳ್ಳನೆಂಬುದು ತಾನಾಗಿ ತಿಳಿಯುತ್ತದೆ.

ಮನೆಯ ಯಜಮಾನ ಲಾರಿಯಲ್ಲಿದ್ದರೆ ಮನೆಯವರು ಮಾಡಬಹುದಾದ, ಕಾಸು ಖರ್ಚಿಲ್ಲದ ಕೆಲಸವೂ ಒಂದಿದೆ: ಅವನು ಮಲಗುವ ಹೊತ್ತು ಕೇಳಿಟ್ಟುಕೊಂಡು, ಆಗ ಫೋನ್ ಮಾಡದಿರುವುದು. ಅರೆನಿದ್ದೆಯ ಚಾಲಕ ಸಾಗುವ ರಸ್ತೆಯಲ್ಲೇ ಶಾಲೆಯ ಮಕ್ಕಳ ಬಸ್ಸೂ ಬರುತ್ತದೆ.