ಪರಮಾಣು ರಫ್ತು ನಿಯಂತ್ರಣದಲ್ಲಿ ಭಾರತದ ಪಾತ್ರ

ಪರಮಾಣು ಎಂದೊಡನೆ ಅದು ವಿಜ್ಞಾನ ಓದುವವರ ವಿಷಯವೆಂದು ಕಲಾ ವಿದ್ಯಾರ್ಥಿಗಳಾದ ನಾವು ಸುಮ್ಮನಾಗುವುದುಂಟು. ಆದರೆ ಯುರೇನಿಯಂ, ಭಾರಜಲ, ಯಂತ್ರೋಪಕರಣಗಳನ್ನು ಯಾರಿಗೆ ಮಾರಬಹುದು, ಯಾರಿಗೆ ಮಾರಕೂಡದು ಎಂಬುದು ನ್ಯಾಯದ ಪ್ರಶ್ನೆ. ಇದರಲ್ಲಿ ನಮ್ಮ ದೇಶದ ಪಾತ್ರವಂತೂ ವಿಚಿತ್ರವಾದುದು.

ಟ್ರಾಂಬೆಯ ಸೈರಸ್ ರಿಯಾಕ್ಟರನ್ನು ಕೆನಡಾ ಕೊಟ್ಟಿತು. ಭಾರಜಲವನ್ನು ಅಮೆರಿಕ ಕೊಟ್ಟಿತು. ಶಾಂತಿಯುತ ಉದ್ದೇಶಗಳಿಗೆ ಮಾತ್ರ ಬಳಸುವೆವೆಂದು ನಾವು ಮಾತು ಕೊಟ್ಟೆವು. 1960ರಲ್ಲಿ ಚಾಲನೆಗೊಂಡ ಆ ರಿಯಾಕ್ಟರಿನ ಪ್ಲುಟೋನಿಯಮ್ಮಿನಿಂದಲೇ 1974ರ ಮೇ 18ರಂದು ಪೋಖ್ರಾನಿನಲ್ಲಿ ಸ್ಫೋಟ ನಡೆಯಿತು. ಅದು ಶಾಂತಿಯುತ ಸ್ಫೋಟವೆಂದು ನಾವೆಂದೆವು. ಕೆನಡಾ ಒಪ್ಪದೆ ನೆರವನ್ನು ನಿಲ್ಲಿಸಿತು. ಮರುವರ್ಷ ಏಳು ರಾಷ್ಟ್ರಗಳು ಲಂಡನ್ನಿನಲ್ಲಿ ಸೇರಿ ರಫ್ತಿಗೆ ಕಟ್ಟುಪಾಡುಗಳನ್ನು ರೂಪಿಸತೊಡಗಿದವು. ಇಂದು 48 ಸದಸ್ಯರಿರುವ ಪರಮಾಣು ಪೂರೈಕೆದಾರರ ಕೂಟ ಹುಟ್ಟಿದ್ದು ಹೀಗೆ.

ನಿರಾಕರಣೆಯಿಂದ ನಾವು ಕೆಡಲಿಲ್ಲ. ಭಾರಜಲ ರಿಯಾಕ್ಟರುಗಳನ್ನು ನಮ್ಮವರೇ ಕಟ್ಟಲು ಕಲಿತರು. ನಮ್ಮ ಕೈಗಾದ ಮೊದಲನೆಯ ಘಟಕ 2018ರಲ್ಲಿ 962 ದಿನಗಳ ನಿರಂತರ ಚಾಲನೆಯಿಂದ ಅಂದಿನ ವಿಶ್ವದಾಖಲೆಯನ್ನು ಸ್ಥಾಪಿಸಿತು. 2008ರ ಸೆಪ್ಟೆಂಬರ್ 6ರಂದು ಕೂಟವು ವಿಯೆನ್ನಾದಲ್ಲಿ ಭಾರತಕ್ಕೆ ವಿನಾಯಿತಿ ನೀಡಿ ವ್ಯಾಪಾರದ ಬಾಗಿಲನ್ನು ತೆರೆಯಿತು. ಆದರೆ 2016ರಲ್ಲಿ ನಾವು ಸದಸ್ಯತ್ವ ಕೋರಿದಾಗ, ಪರಮಾಣು ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕಿಲ್ಲವೆಂದು ಚೀನಾ ಅಡ್ಡಬಂದಿತು. ಎಲ್ಲರೂ ಒಪ್ಪದೆ ಅಲ್ಲಿ ಏನೂ ನಡೆಯದು.

ಹೊರಗಿಟ್ಟವರ ಕಟ್ಟಳೆ ನಮಗೇಕೆಂದು ಕೆಲವು ಮಿತ್ರರು ಕೇಳುತ್ತಾರೆ. ಅವರ ಅಸಮಾಧಾನ ನಿರಾಧಾರವಲ್ಲ. ಬಾಂಬುಗಳನ್ನು ರಾಶಿ ಹಾಕಿಕೊಂಡ ಐದು ರಾಷ್ಟ್ರಗಳು ಕೂಟದೊಳಗೆ ಕುಳಿತು ಇತರರಿಗೆ ಸಂಯಮ ಬೋಧಿಸುವುದು, ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆಗೆ ತಕ್ಕುದಾಗಿದೆ. ಆದರೂ ನಾನು ಅವರ ತೀರ್ಮಾನವನ್ನು ಒಪ್ಪಲಾರೆ. ಪಾಕಿಸ್ತಾನದ ವಿಜ್ಞಾನಿ ಎ. ಕ್ಯೂ. ಖಾನ್ ಪರಮಾಣು ತಂತ್ರಜ್ಞಾನವನ್ನು ಪರದೇಶಗಳಿಗೆ ದಾಟಿಸಿದ್ದಾಗಿ 2004ರಲ್ಲಿ ಒಪ್ಪಿಕೊಂಡುದನ್ನು ಜಗತ್ತೇ ಕೇಳಿತು. ಅಂಥ ಸರಕು ಕಳ್ಳದಾರಿ ಹಿಡಿದರೆ ಅಪಾಯ ನಮಗೂ ತಪ್ಪದು. ಊರಿನವರು ಮೆಚ್ಚಲೆಂದು ಯಾರೂ ಮನೆಗೆ ಬೀಗ ಹಾಕುವುದಿಲ್ಲ. ಸಾಮೂಹಿಕ ವಿನಾಶದ ಶಸ್ತ್ರಾಸ್ತ್ರಗಳನ್ನು ಕುರಿತ 2005ರ ನಮ್ಮ ಕಾಯಿದೆ ಅಂಥ ಬೀಗ. ಸದಸ್ಯತ್ವ ದೊರೆಯಲಿ, ಬಿಡಲಿ, ಅದು ಭದ್ರವಾಗಿರಬೇಕು.

ಇನ್ನೊಂದು ಮಾತು. ನಾವು ಕೂಟದ ಮುಂದೆ ವಿಶೇಷ ಕೃಪೆಯನ್ನು ಬೇಡಬಾರದು. ನಡತೆಯನ್ನು ಅಳೆಯುವ ಒಂದೇ ಅಳತೆಗೋಲನ್ನು ಕೇಳಬೇಕು. ಅದು ಪಾಕಿಸ್ತಾನಕ್ಕೂ ಅನ್ವಯಿಸಲಿ. ಆ ಅಳತೆಗೆ ನಿಲ್ಲುವವರು 1974ರ ಕಥೆಯನ್ನು ಮರೆಮಾಚದೆ ಹೇಳುವ ಧೈರ್ಯವನ್ನೂ ತೋರಬೇಕು. ಪರರಿಂದ ನಂಬಿಕೆಯನ್ನು ಬಯಸುವ ರಾಷ್ಟ್ರ ತನ್ನ ಮಾತಿನ ಲೆಕ್ಕವನ್ನು ತಾನೇ ಒಪ್ಪಿಸಬೇಕು.