ಹೆಸರು ಅವರದು, ದುಡ್ಡು ನಮ್ಮದು: ಥಾಯ್ಲೆಂಡಿನಲ್ಲಿ ನಡೆಯದು

ಗಲ್ಫಿನಲ್ಲಿ ಲೈಸೆನ್ಸ್ ಕಫೀಲನ ಹೆಸರಲ್ಲಿ, ಅಂಗಡಿ ನಮ್ಮದು. ಈ ಲೆಕ್ಕ ನಮ್ಮವರಿಗೆ ಹಳೆಯದು. ಫುಕೆಟ್, ಕ್ರಾಬಿ ಕಡೆ ಸಣ್ಣ ಗೆಸ್ಟ್‌ಹೌಸ್ ಮಾಡೋಣ ಎಂದು ಹೊರಡುವವರು ಅದೇ ಲೆಕ್ಕ ಹಾಕಿದರೆ ಕೈ ಸುಟ್ಟುಕೊಳ್ಳುತ್ತಾರೆ.

ಅಲ್ಲಿ ವಿದೇಶಿಯರು ಸಾಮಾನ್ಯವಾಗಿ ಜಾಗ ಕೊಳ್ಳುವ ಹಾಗಿಲ್ಲ. ಲೀಸ್‌ಗೆ ಪಡೆಯಬಹುದು, ಅದೂ ಹೆಚ್ಚೆಂದರೆ 30 ವರ್ಷಕ್ಕೆ. ಕಂಪೆನಿಯಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲು ವಿದೇಶಿಯರದ್ದಾದರೆ ಹೋಟೆಲ್ ನಡೆಸಲು 1999ರ ಕಾನೂನಿನಂತೆ ಪ್ರತ್ಯೇಕ ಪರವಾನಿಗೆ ಬೇಕು. ಇದನ್ನು ತಪ್ಪಿಸಲು ಥಾಯ್ ಪ್ರಜೆಯ ಹೆಸರಲ್ಲಿ ಸುಳ್ಳು ಪಾಲು ತೋರಿಸಿದರೆ ಮೂರು ವರ್ಷದವರೆಗೆ ಜೈಲು, 10 ಲಕ್ಷ ಬಾತ್‌ವರೆಗೆ ದಂಡ. ಶಿಕ್ಷೆ ಹೆಸರು ಕೊಟ್ಟವರಿಗೂ ಉಂಟು. ನಮ್ಮನ್ನು ನಂಬಿ ಸಹಿ ಹಾಕಿದ ಅಡುಗೆಯವನೋ ಡ್ರೈವರೋ ಜೈಲಿಗೆ ಹೋದರೆ ಆ ಮನೆಯವರಿಗೆ ನಾವು ಏನು ಹೇಳೋಣ? ಅವನೇ ತಿರುಗಿಬಿದ್ದರೆ, ಸುಳ್ಳು ಕರಾರು ಹಿಡಿದುಕೊಂಡು ಯಾವ ಕೋರ್ಟಿಗೆ ಹೋಗೋಣ?

ಎಂಟು ಕೋಣೆ, 30 ಅತಿಥಿಗಳ ಒಳಗಿನ ವಸತಿಗೆ ಹೋಟೆಲ್ ಲೈಸೆನ್ಸಿನಿಂದ 2023ರಲ್ಲಿ ರಿಯಾಯಿತಿ ಸಿಕ್ಕಿದೆ, ನಿಜ. ಆದರೂ ಅಧಿಕಾರಿಗಳಿಗೆ ತಿಳಿಸಲೇಬೇಕು. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಇಮಿಗ್ರೇಶನ್‌ಗೆ ಮಾಹಿತಿ ಕೊಡಬೇಕು. ಮಾಲಕ ತಾನೇ ಕೌಂಟರಿನಲ್ಲಿ ಕೂತು ಕೆಲಸ ಮಾಡಬೇಕಿದ್ದರೂ ವರ್ಕ್ ಪರ್ಮಿಟ್ ಬೇಕು.

ಹೋಗಬೇಡಿ ಎಂದು ನಾವು ಹೇಳುವುದಿಲ್ಲ. ಮೊದಲು ಒಂದು ಮಳೆಗಾಲ ಅಲ್ಲಿ ಇದ್ದು ನೋಡಿ, ಖಾಲಿ ಕೋಣೆಗಳ ಲೆಕ್ಕ ತಿಳಿಯುತ್ತದೆ. ನಿಜವಾಗಿ ಬಂಡವಾಳ ಹಾಕುವ ಪಾಲುದಾರ ಸಿಕ್ಕಿದರೆ ಮಾತ್ರ ಸಹಿ ಹಾಕಿ. ಕಾಗದದಲ್ಲಿ ಇರುವುದೂ ಮನಸ್ಸಿನಲ್ಲಿ ಇರುವುದೂ ಒಂದೇ ಆಗಿರಲಿ.