ಅಹಮದಾಬಾದಿಗೂ ಒಂದು ಪರದೇಶದ ಮರ್ಯಾದೆ ಕೊಡಿ

ಅಹಮದಾಬಾದಿನಲ್ಲಿ ಇಳಿದ ಮೊದಲ ದಿನ, ಕಾಲುಪುರ ರೈಲು ನಿಲ್ದಾಣದ ಹೊರಗೆ ನಾನು ಹತ್ತಿದ್ದು ತಪ್ಪು ಬಸ್ಸು. ನನಗೆ ಬೇಕಿದ್ದ ನಂಬರು ಒಂಬತ್ತರಿಂದ ಶುರುವಾಗುತ್ತಿತ್ತು. ಬಸ್ಸಿನ ಹಣೆಯ ಮೇಲೂ ಒಂಬತ್ತೇ ಕಂಡಿತು. ಗುಜರಾತಿಯ ಒಂದು ಎಂಬ ಅಂಕಿ ನೋಡಲು ನಮ್ಮ 9ರ ಹಾಗೇ ಇರುತ್ತದೆ ಎಂಬುದು ಭಾಷಾವಿಜ್ಞಾನದಲ್ಲಿ ಎಂಎ ಮಾಡಿದ ನನಗೆ ಆಗ ಹೊಳೆಯಲಿಲ್ಲ. ನವರಂಗಪುರ ಎಂದು ಟಿಕೆಟ್ ಕೇಳಿದೆ. ಕಂಡಕ್ಟರ್ "ಬೇನ್, ಆ ಬಸ್ ತ್ಯಾಂ ನಥೀ ಜತೀ" ಎಂದವರೇ ನೂಕುನುಗ್ಗಲಿನಲ್ಲಿ ಹಿಂದಕ್ಕೆ ಹೋದರು. ರಾತ್ರಿಯಿಡೀ ನಿದ್ದೆಗೆಟ್ಟಿದ್ದ ನನ್ನ ಕಿವಿ ಹಿಡಿದದ್ದು 'ಆ ಬಸ್' ಎಂಬುದನ್ನು ಮಾತ್ರ. ಆ ಬಸ್ಸು ಹೋಗುವುದಿಲ್ಲವಂತೆ, ಸದ್ಯ ನಾನು ಈ ಬಸ್ಸಿನಲ್ಲಿದ್ದೇನೆ ಎಂದು ನೆಮ್ಮದಿಯಾಗಿ ಕೂತೆ.

ಗುಜರಾತಿಯಲ್ಲಿ 'ಆ' ಎಂದರೆ 'ಈ'. ಸಾಬರಮತಿ ದಾಟಿ ಪಶ್ಚಿಮಕ್ಕೆ ಹೋಗಬೇಕಿದ್ದವಳು ಮಣಿನಗರದ ಹತ್ತಿರ ಇಳಿದೆ. ನಾನಿನ್ನೂ ಕೂತೇ ಇರುವುದನ್ನು ಕಂಡ ಕಂಡಕ್ಟರ್ ಈ ಸಲ ಹಿಂದಿಯಲ್ಲಿ ಹೇಳಿ ಇಳಿಸಿದ್ದರು.

ತಪ್ಪು ಪೂರ್ತಿ ನನ್ನದು. ಆದರೆ ಈ ತಪ್ಪಿನ ಬೇರು ನನ್ನೊಬ್ಬಳದಲ್ಲ. ಅದಕ್ಕೂ ಎರಡು ವರ್ಷ ಮೊದಲು ಹನೋಯ್‌ಗೆ ಒಬ್ಬಳೇ ಹೋಗಿದ್ದೆ. ಹೊರಡುವ ಹದಿನೈದು ದಿನ ಮುಂಚಿನಿಂದ ನಮಸ್ಕಾರ, ಧನ್ಯವಾದ, ಒಂದರಿಂದ ಹತ್ತು, 'ಇದು ಎಲ್ಲಿಗೆ ಹೋಗುತ್ತದೆ' ಎಂದೆಲ್ಲ ಬಾಯಿಪಾಠ ಮಾಡಿದ್ದೆ. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರಿನ ಕೆಲಸ ಇಟ್ಟುಕೊಂಡು ಹೊರಟಾಗ ಕಲಿತದ್ದು ಸೊನ್ನೆ. ಯಾಕೆಂದರೆ ಪಾಸ್‌ಪೋರ್ಟ್ ಬೇಕಿರಲಿಲ್ಲ. "ನಮ್ಮದೇ ದೇಶ, ಹಿಂದಿ ಬಂದರೆ ಸಾಕು." ನನ್ನ ಜಗಳ ಈ ವಾಕ್ಯದ ಜೊತೆ.

ಹಿಂದಿ ಅಲ್ಲಿ ನಡೆಯುತ್ತದೆ, ಒಪ್ಪಿದೆ. ನಡೆಯುವುದು ಎದುರಿನವರು ತಮ್ಮ ಮಾತನ್ನು ಪಕ್ಕಕ್ಕಿಟ್ಟು ನಮಗಾಗಿ ಇನ್ನೊಂದಕ್ಕೆ ಹೊರಳುವುದರಿಂದ. ಆ ಶ್ರಮ ಅವರದು, ಅನುಕೂಲ ನಮ್ಮದು. ಹಿಂದಿ ರಾಷ್ಟ್ರಭಾಷೆ ತಾನೇ ಎನ್ನುವವರಿಗೆ ಇದೇ ಅಹಮದಾಬಾದಿನಿಂದ ಉತ್ತರವಿದೆ: ಸರಕಿನ ಪೊಟ್ಟಣದ ಮೇಲಿನ ವಿವರ ಹಿಂದಿಯಲ್ಲಿರಲಿ ಎಂಬ ಅರ್ಜಿಯ ವಿಚಾರಣೆಯಲ್ಲಿ ಗುಜರಾತ್ ಹೈಕೋರ್ಟ್, ಹಿಂದಿಯನ್ನು ರಾಷ್ಟ್ರಭಾಷೆ ಎಂದು ಘೋಷಿಸಿದ ದಾಖಲೆ ಯಾವುದೂ ಇಲ್ಲ ಎಂದು 2010ರಲ್ಲೇ ಹೇಳಿತ್ತು.

ಬೆಂಗಳೂರಿನ ಆಟೋದಲ್ಲಿ ಕೂತು ಹಿಂದಿಯಲ್ಲೇ ದಾರಿ ಹೇಳುವವರನ್ನು ಕಂಡರೆ ನಮಗೆ ಉರಿಯುತ್ತದೆ. ಉರಿಯಬೇಕಾದ್ದೇ. ಆದರೆ ಮಣಿನಗರದಲ್ಲಿ ಇಳಿದು ಆಟೋ ಹತ್ತಿದ ನಾನು ಮಾಡಿದ್ದೂ ಅದನ್ನೇ. ಹತ್ತು ವರ್ಷ ನೆಲೆಸಿದವರನ್ನೂ ನಾಲ್ಕು ದಿನಕ್ಕೆ ಬಂದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂದು ನೀವು ಕೇಳಬಹುದು. ಬೇಡ. ನೆಲೆಸಿದವರಿಂದ ಭಾಷೆ ಕೇಳೋಣ, ನಾಲ್ಕು ದಿನದವರಿಂದ ಒಂದು ಸಂಜೆ ಸಾಕು. ಗುಜರಾತಿ ಲಿಪಿ ನಾಗರಿಯ ತಂಗಿ, ತಲೆಯ ಮೇಲಿನ ಗೆರೆ ಇಲ್ಲ ಅಷ್ಟೆ. ಶಾಲೆಯಲ್ಲಿ ಹಿಂದಿ ಓದಿದವರು ಹತ್ತು ಅಂಕಿಯನ್ನೂ ದಾರಿ ತಪ್ಪಿಸುವ ಐದಾರು ಅಕ್ಷರಗಳನ್ನೂ ರೈಲಿನಲ್ಲೇ ಕಲಿಯಬಹುದು. ನಾನು ಕಲಿಯಲಿಲ್ಲ, ಸಿನಿಮಾ ನೋಡಿದೆ.

ನಮ್ಮದು ಎನ್ನುವುದಕ್ಕೆ ಇನ್ನೊಂದು ಬಗೆಯೂ ಇದೆ. ವಡೋದರಾಕ್ಕೆ ಹೋಗುತ್ತೇನೆ ಎಂದಾಗ ಗೆಳೆಯರೊಬ್ಬರು "ಅದು ನಮ್ಮ ರಾಷ್ಟ್ರಕೂಟರು ಆಳಿದ ಊರು ಕಣೇ" ಎಂದಿದ್ದರು. ಸುಳ್ಳೇನಲ್ಲ. ಆ ಊರಿನ ಹಳೆಯ ಹೆಸರು ವಡಪದ್ರಕ ಎಂಬುದು ಸಿಗುವುದೇ ಗುಜರಾತ್ ಶಾಖೆಯ ರಾಷ್ಟ್ರಕೂಟ ದೊರೆ ಕರ್ಕ ಸುವರ್ಣವರ್ಷನ 812ರ ತಾಮ್ರಶಾಸನದಲ್ಲಿ. ಆದರೆ ಆ ಶಾಸನ ಸಂಸ್ಕೃತದಲ್ಲಿದೆ. ಸಾವಿರದ ಇನ್ನೂರು ವರ್ಷ ಹಿಂದೆ ಆಳಿದವರ ಹೆಸರು ಹೇಳಿದರೆ ಇವತ್ತಿನ ಬಸ್ಸಿನ ಬೋರ್ಡು ಓದಲು ಬರುವುದಿಲ್ಲ.

ಮೊದಲ ದಿನವನ್ನು ಹೇಗೆ ಕಳೆಯಬೇಕು, ಹೇಗೆ ಕಳೆಯಬಾರದು ಎರಡನ್ನೂ ಸೂರತ್ ಬಹಳ ಹಿಂದೆಯೇ ಕಂಡಿದೆ. 1615ರಲ್ಲಿ ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋ ಅಲ್ಲಿ ಇಳಿದಾಗ ಸುಂಕದವರ ತಪಾಸಣೆಯ ವಿಷಯಕ್ಕೇ ಜಗಳ ತೆಗೆದ. ಮೂರು ವರ್ಷಕ್ಕೂ ಮಿಕ್ಕಿ ಇದ್ದರೂ ಜಹಾಂಗೀರನ ಆಸ್ಥಾನದಲ್ಲಿ ದುಭಾಷಿಗಳನ್ನೇ ನೆಚ್ಚಿಕೊಂಡಿದ್ದ. 1623ರಲ್ಲಿ ಅದೇ ಸೂರತ್ತಿಗೆ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಅಷ್ಟರಲ್ಲಿ ದಾರಿಯ ದೇಶಗಳ ತುರ್ಕಿ, ಅರಬ್ಬಿ, ಪರ್ಷಿಯನ್ ಭಾಷೆಗಳನ್ನು ಕಲಿತಿದ್ದ. ಅದೇ ವರ್ಷ ನಮ್ಮ ಇಕ್ಕೇರಿಗೆ ಹೋಗುವಾಗ ಘಟ್ಟದ ಗುಡಿಯೊಂದರ ಜಗುಲಿಯಲ್ಲಿ ಮಕ್ಕಳು ಮರಳಿನ ಮೇಲೆ ಬರೆದು, ರಾಗವಾಗಿ ಹೇಳಿ ಲೆಕ್ಕ ಕಲಿಯುವುದನ್ನು ಕಂಡು, ಏನು ಮಾಡುತ್ತಿದ್ದೀರಿ ಎಂದು ಕೇಳಿ ಬರೆದಿಟ್ಟ. ಅವನಿಗೆ ಊರು ಅಪರಿಚಿತ ಎಂಬುದು ಗೊತ್ತಿತ್ತು, ಹಾಗಾಗಿ ಕೇಳಿದ. ನಮಗೆ ಅಪರಿಚಿತ ಎಂದು ಒಪ್ಪಲೇ ಮನಸ್ಸಿಲ್ಲ, ಹಾಗಾಗಿ ಕೇಳುವುದಿಲ್ಲ.

ಅನುವಾದ ನನ್ನ ಹೊಟ್ಟೆಪಾಡು. ಊರಿಗೆ ಮರಳಿದ ಮೇಲೆ "ನಮ್ಮದೇ ದೇಶ" ಎಂಬುದನ್ನು ಗುಜರಾತಿಗೆ ತರಲು ಕೂತೆ. ಕನ್ನಡದ 'ನಾವು', ಹಿಂದಿಯ 'ಹಮ್', ಎರಡರಲ್ಲೂ ಎದುರಿನವರು ಸೇರಿದ್ದಾರೋ ಇಲ್ಲವೋ ತಿಳಿಯುವುದಿಲ್ಲ. ತುಳುವಿನಲ್ಲಿ ತಿಳಿಯುತ್ತದೆ: ಸೇರಿಸಿಕೊಂಡರೆ 'ನಮ', ಬಿಟ್ಟರೆ 'ಎಂಕುಳು'. ಗುಜರಾತಿಯಲ್ಲೂ ಹಾಗೆಯೇ: ಸೇರಿಸಿಕೊಂಡರೆ 'ಆಪಣೇ', ಬಿಟ್ಟರೆ 'ಅಮೇ'. ದೇಶ 'ಆಪಣೋ' ಆಗಬಹುದು, 'ಅಮಾರೋ' ಆಗಬಹುದು. ಯಾವುದೆಂದು ಆರಿಸದೆ ವಾಕ್ಯ ಮುಗಿಯುವುದಿಲ್ಲ.

ಅಂಕಿಯನ್ನೂ ಕಲಿಯದೆ ಬಸ್ಸು ಹತ್ತಿ "ನಮ್ಮದೇ ದೇಶ" ಎಂದುಕೊಂಡ ನನ್ನ ಬಾಯಲ್ಲಿ ಇದ್ದದ್ದು 'ಅಮಾರೋ'. 'ಆಪಣೋ' ಎನ್ನಬೇಕಾದರೆ ಮೊದಲು ಆ ಕಂಡಕ್ಟರ್ ಹೇಳಿದ್ದು ಅರ್ಥವಾಗಬೇಕಿತ್ತು, ಕಡೇಪಕ್ಷ ಅರ್ಥವಾಗಲಿಲ್ಲ ಎಂದಾದರೂ ಗೊತ್ತಾಗಬೇಕಿತ್ತು.